ಕ್ಲಬ್ಬಿನ ಹಿನ್ನೀರು

ಹುಣಸೂರಿನ ನಮ್ಮ ಕ್ಲಬ್ಬಿಗೆ ನಾನು ಗೌರವ ಕಾರ್ಯದರ್ಶಿ. ಸಂಬಳವಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲಾರದೆ ‘ಗೌರವ’ ಎಂದು ಕರೆದಿದ್ದಾರೆ. ಕ್ಲಬ್ಬು ಅಂದ ತಕ್ಷಣ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಹೆಂಚಿನ ಒಂದು ಹಾಲು, ಒಂದು ಶಟಲ್ ಕೋರ್ಟು, ರಮ್ಮಿಗೆ ನಾಲ್ಕು ಟೇಬಲ್ಲು, ಸಂಜೆ ಬೋಂಡ ಕರಿಯುವ ಅಡುಗೆಮನೆ. ಅದರ ಮುಂದೆ 60 ಅಡಿ ಅಗಲ, 100 ಅಡಿ ಉದ್ದದ ಡಾಂಬರು ಅಂಗಳ. ಕಾರು ನಿಲ್ಲಿಸುವುದಕ್ಕೆ ಎಂದು ಯಾವ ಕಾಲದಲ್ಲೋ ಹಾಕಿಸಿದ್ದು. ನಾನು ಅಧಿಕಾರ ವಹಿಸಿಕೊಳ್ಳುವ ಹೊತ್ತಿಗೆ ಅಲ್ಲಿ ಕಾರಿಗಿಂತ ಹೆಚ್ಚಾಗಿ ನೀರು ನಿಲ್ಲುತ್ತಿತ್ತು.

ಮೈಸೂರಿನಿಂದ ಮಡಿಕೇರಿಗೆ ಹೋಗುವ 275ನೇ ನಂಬರಿನ ಹೆದ್ದಾರಿಯಲ್ಲಿ ನುಣ್ಣಗೆ ಜಾರಿಕೊಂಡು ಬಂದವರು ನಮ್ಮ ಗೇಟಿನೊಳಕ್ಕೆ ಚಕ್ರ ಇಟ್ಟ ಕೂಡಲೇ ಎತ್ತಿನಗಾಡಿಯ ಕಾಲಕ್ಕೆ ಹೋಗಿಬಿಡುತ್ತಿದ್ದರು. ಒಬ್ಬ ಸದಸ್ಯರ ಹೆಂಡತಿ ‘ನಿಮ್ಮ ಕ್ಲಬ್ಬಿಗೆ ಬಂದರೆ ಮಂಡಿನೋವಿನ ಜೊತೆಗೆ ಸೊಂಟನೋವು ಉಚಿತ’ ಅಂದದ್ದು ನನ್ನ ಕಿವಿಗೂ ಬಿತ್ತು. ಹೆಗ್ಗಡದೇವನಕೋಟೆ ಕಡೆಯ ಸದಸ್ಯರೊಬ್ಬರು ಅಂಗಳದ ನಡುವಿನ ದೊಡ್ಡ ಗುಂಡಿಗೆ ‘ಹಿನ್ನೀರು’ ಎಂದು ಹೆಸರಿಟ್ಟರು. ಅವರ ಕಡೆ ಕಬಿನಿ ಹಿನ್ನೀರು ಇದೆಯಲ್ಲ, ಬೇಸಿಗೆಯಲ್ಲಿ ಆನೆ ಹಿಂಡು ಇಳಿಯುವುದು, ಅದರ ನೆನಪು. ‘ಕಾರ್ಯದರ್ಶಿಗಳೇ, ಸಫಾರಿ ಟಿಕೆಟ್ ಇಡಿ, ರಿಪೇರಿಗೆ ದುಡ್ಡು ತಾನಾಗಿ ಬರುತ್ತೆ’ ಎಂದು ಸಲಹೆಯನ್ನೂ ಕೊಟ್ಟರು.

ದುಡ್ಡಿನ ವಿಷಯಕ್ಕೆ ಬಂದರೆ ನಮ್ಮ ಕ್ಲಬ್ಬಿಗೆ ಮಾರ್ಚ್ ತಿಂಗಳಿನ ಲೆಕ್ಕ ಇಲ್ಲ. ನಮ್ಮದು ಹೊಗೆಸೊಪ್ಪಿನ ಲೆಕ್ಕ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಈ ಮೂರು ತಾಲ್ಲೂಕಿನಲ್ಲಿ ಬ್ಯಾರನ್ನಿನಲ್ಲಿ ಸೊಪ್ಪು ಹದವಾಗಿ ಬೆಂದು, ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ತಂಬಾಕು ಮಂಡಳಿಯ ಹರಾಜು ಶುರುವಾಗಿ, ಬೇಲಿಗೆ ಒಳ್ಳೆ ರೇಟು ಬಿದ್ದರೆ ಮಾತ್ರ ಚಂದಾ ಬರುತ್ತದೆ. ರೇಟು ಬೀಳದಿದ್ದರೆ ಸದಸ್ಯರು ಬರುತ್ತಾರೆ, ಬೋಂಡ ತಿನ್ನುತ್ತಾರೆ, ನನ್ನ ಮುಖ ಮಾತ್ರ ನೋಡುವುದಿಲ್ಲ. ಆ ವರ್ಷ ಬ್ಯಾಂಕಿನಲ್ಲಿದ್ದದ್ದು 61 ಸಾವಿರ ರೂಪಾಯಿ.

ಕೊಟೇಶನ್ ತರಿಸಿದೆ. ಪೂರಾ ಅಂಗಳಕ್ಕೆ 20 ಮಿಲಿಮೀಟರ್ ದಪ್ಪ ಪ್ರೀಮಿಕ್ಸ್ ಕಾರ್ಪೆಟ್ಟು, ಮೇಲೆ ಸೀಲ್ ಕೋಟು. ಸುಮಾರು 15 ಘನಮೀಟರ್ ಸಣ್ಣ ಜಲ್ಲಿ, ಒಂದು ಟನ್ನಿಗೆ ಮೇಲ್ಪಟ್ಟು ಡಾಂಬರು, ರೋಲರು, ಕೂಲಿ, ಸಾಗಾಣಿಕೆ, ಎಲ್ಲ ಸೇರಿ 2 ಲಕ್ಷದ 75 ಸಾವಿರ. ಇಂಟರ್‌ಲಾಕ್ ಹಾಸಿದರೆ ಅದರ ಎರಡರಷ್ಟು. ಕಾರ್ಪೆಟ್ಟು ಎಂಬ ಮಾತು ಕೇಳಿಯೇ ಖಜಾಂಚಿ ಚಪ್ಪಲಿ ಬಿಟ್ಟು ಕೂತರು.

ಸಮಿತಿ ಸಭೆ ಕರೆದೆ. ಅಲ್ಲಿ ನನಗೊಂದು ಜ್ಞಾನೋದಯವಾಯಿತು. ಮನುಷ್ಯ ಯಾವ ಬೆಳೆ ಬೆಳೆಯುತ್ತಾನೋ ಅದರಲ್ಲೇ ಯೋಚಿಸುತ್ತಾನೆ. ನಮ್ಮೂರಿನ ಮರದ ವ್ಯಾಪಾರಿಯೊಬ್ಬರು, ಅಂಗಳದ ಮೂಲೆಯ ಮಳೆಮರದ ಬೇರೇ ಇದಕ್ಕೆಲ್ಲ ಕಾರಣ, ಮೊದಲು ಅದನ್ನು ಉರುಳಿಸಿ ಅಂದರು. ಹುಣಸೂರಿನವರಿಗೆ ಮರ ಕಂಡರೆ ನೆರಳು ಆಮೇಲೆ, ಸುತ್ತಳತೆ ಮೊದಲು. ಪಿರಿಯಾಪಟ್ಟಣದವರು, ‘ನೆಲಕ್ಕೆ ಚೆನ್ನಾಗಿ ಶಾಖ ಕೊಟ್ಟು ಒಣಗಿಸಬೇಕು ಸಾರ್, ಬ್ಯಾರನ್ನಿನ ಹಾಗೆ’ ಅಂದರು. ಹೊಸದಾಗಿ ಸೇರಿದ್ದ ಇಂಜಿನಿಯರ್ ಹುಡುಗ ಪ್ಲಾಸ್ಟಿಕ್ ರಸ್ತೆಯ ಮಾತು ತೆಗೆದ. ಮಧುರೈನ ರಾಜಗೋಪಾಲನ್ ವಾಸುದೇವನ್ ಎಂಬ ಮೇಷ್ಟ್ರು ಕಂಡುಹಿಡಿದದ್ದು, 2018ರಲ್ಲಿ ಪದ್ಮಶ್ರೀ ಕೂಡ ಬಂತು, ಬೆಂಗಳೂರಿನಲ್ಲೂ ಎಷ್ಟೋ ರಸ್ತೆಗೆ ಪ್ಲಾಸ್ಟಿಕ್ ಬೆರೆಸಿದ್ದಾರೆ ಎಂದು ವಿವರಿಸಿದ. ಮೇಷ್ಟ್ರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನೂ ಮೇಷ್ಟ್ರೇ ಆದ್ದರಿಂದ, ಒಪ್ಪಿಬಿಟ್ಟೆ. ಒಂದು ತಿಂಗಳು ಸದಸ್ಯರೆಲ್ಲ ಮನೆಯ ಹಾಲಿನ ಕವರು ತಂದು ಶಟಲ್ ಕೋರ್ಟಿನ ಪಕ್ಕದ ರೂಮಿಗೆ ತುಂಬಿದರು. ರೂಮಿನ ಬಾಗಿಲು ಹಾಕಲಾಗದ ದಿನ ಹುಡುಗ ಇನ್ನೊಂದು ವಿಷಯ ಹೇಳಿದ: ಜಲ್ಲಿಯನ್ನು 170 ಡಿಗ್ರಿಗೆ ಕಾಯಿಸಿ, ಆ ಬಿಸಿಗೆ ಪ್ಲಾಸ್ಟಿಕ್ ಚೂರು ಹಾಕಿ, ಅದು ಕಲ್ಲಿಗೆ ಅಂಟಿಕೊಂಡ ಮೇಲೆ ಡಾಂಬರು ಬೆರೆಸಬೇಕು, ಅದಕ್ಕೆ ಹಾಟ್‌ಮಿಕ್ಸ್ ಪ್ಲಾಂಟೇ ಬೇಕು. ನಮ್ಮಲ್ಲಿ ಇದ್ದದ್ದು ಬೋಂಡದ ಬಾಣಲೆ. ಕವರೆಲ್ಲ ಗುಜರಿಗೆ ಹೋಯಿತು, ಹಳೇ ಹಾಲಿನ ವಾಸನೆ ಮಾತ್ರ ಮಳೆಗಾಲದವರೆಗೂ ಉಳಿಯಿತು.

ಕೃಷ್ಣರಾಜನಗರದ ಹಿರಿಯರೊಬ್ಬರು ಈ ಸಭೆಗಳಲ್ಲಿ ಬಾಯಿ ಬಿಡುತ್ತಲೇ ಇರಲಿಲ್ಲ. ಕಾವೇರಿ ನಾಲೆಯ ಬಯಲಿನಲ್ಲಿ ಭತ್ತ ಬೆಳೆಯುವವರು. ರಮ್ಮಿಯಲ್ಲಿ ಸೋಲುವುದು ಬಿಟ್ಟರೆ ಬೇರೆ ಕೆಟ್ಟ ಅಭ್ಯಾಸವಿಲ್ಲ. ಅವರು ಒಮ್ಮೆ ಮಾತ್ರ, ಗುಂಡಿ ದಾಟುತ್ತಾ ಪಂಚೆ ಎತ್ತಿಕೊಂಡು, ‘ಮೇಷ್ಟ್ರೇ, ಇಲ್ಲಿ ನಾಟಿ ಮಾಡ್ಸಿಬುಡಿ. ಗದ್ದೇಲಿ ನೀರು ನಿಲ್ಲಿಸಕ್ಕೆ ನಾವು ಹೆಣಗಾಡ್ತೀವಿ, ನಿಮಗೆ ತಾನೇ ನಿಂತದೆ’ ಅಂದಿದ್ದರು. ನಾನು ತಮಾಷೆ ಅಂದುಕೊಂಡೆ.

ಆಮೇಲೆ ಬಂತು ನನ್ನ ಗ್ರಹಚಾರದ ಸಂಜೆ. ಗೇಟಿನ ಹತ್ತಿರ ಟಿಪ್ಪರ್ ನಿಂತಿತು. ಇಳಿದವನು ಬಹಳ ವಿನಯವಂತ. ‘ಸಾರ್, ಆ ಕಡೆ ರೋಡ್ ಕೆಲಸ ಮುಗೀತು. ಅರ್ಧ ಲೋಡು ಮಿಕ್ಸ್ ಮಿಕ್ಕಿದೆ. ಎಲ್ಲಾದ್ರೂ ಸುರೀಲೇಬೇಕು. ನಿಮ್ಮಂಥ ದೊಡ್ಡೋರಿಗೆ ಆಗಲಿ ಅಂತ ಬಂದೆ. ಇಪ್ಪತ್ತೈದು ಸಾವಿರ ಕೊಟ್ಬುಡಿ.’ ಅನ್ನ ಚೆಲ್ಲಬಾರದು ಎಂದು ಬೆಳೆದವರು ನಾವು. ಮಿಕ್ಕದ್ದು ಎಂಬ ಮಾತಿಗೇ ಕರಗಿಹೋದೆ. ಕತ್ತಲಾಗುವಷ್ಟರಲ್ಲಿ ನಾಲ್ಕು ಜನ ಸೇರಿ ಧೂಳಿನ ಮೇಲೆಯೇ ಸುರಿದರು, ಎಳೆದರು, ಟಿಪ್ಪರನ್ನೇ ನಾಲ್ಕು ಸಲ ಹಿಂದೆ ಮುಂದೆ ಓಡಿಸಿದರು. ರೋಲರು ಎಲ್ಲಪ್ಪಾ ಅಂದರೆ, ‘ಇದೇ ರೋಲರು ಸಾರ್’ ಅಂದ. ಬೆಳಿಗ್ಗೆ ನೋಡಿದರೆ ಅರ್ಧ ಅಂಗಳ ಕಾಡಿಗೆಯಂತೆ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಆ ದಿನ ನಾನು ಎರಡು ಪ್ಲೇಟ್ ಬೋಂಡ ಕೊಡಿಸಿದೆ, ನನ್ನ ಖರ್ಚಿನಲ್ಲಿ.

ಹನ್ನೊಂದನೆಯ ದಿನ ಒಂದು ಮಳೆ ಹೊಡೆಯಿತು. ಅಧ್ಯಕ್ಷರು ಕಾರು ತಿರುಗಿಸಿದರು. ಚೆನ್ನಾಗಿ ಪಳಗಿದ ಕಾವಲಿಯ ಮೇಲಿನ ದೋಸೆಯ ಹಾಗೆ, ಎರಡಡಿ ಅಗಲದ ಡಾಂಬರು ಚಕ್ರದ ಜೊತೆ ಇಡಿಯಾಗಿ ಎದ್ದು ಬಂತು. ತಿರುಗಿಸಿ ನೋಡಿದೆ. ಕೆಳಗಡೆ ಧೂಳು ಒಂದಿಷ್ಟೂ ಕದಲದೆ ಅಂಟಿಕೊಂಡಿತ್ತು. ನೆಲಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆಮೇಲೆ ತಿಳಿದುಕೊಂಡೆ: ಹಾಟ್‌ಮಿಕ್ಸು 100 ಡಿಗ್ರಿಗಿಂತ ಕೆಳಗೆ ಆರುವ ಮುಂಚೆ ರೋಲರು ಹೊಡೆದು ಮುಗಿದಿರಬೇಕಂತೆ, ಹಾಕುವ ಮೊದಲು ನೆಲ ಗುಡಿಸಿ, ಟ್ಯಾಕ್ ಕೋಟು ಎಂಬ ತೆಳು ಅಂಟು ಬಳಿದಿರಬೇಕಂತೆ. ನಮಗೆ ಬಂದದ್ದು ನಿನ್ನೆಯ ಅನ್ನದಂತೆ ಆರಿದ ಮಾಲು.

ಆ ದಿನ ಕೆ.ಆರ್. ನಗರದ ಹಿರಿಯರು ಮೊದಲ ಸಲ ಇಸ್ಪೀಟು ಬಿಟ್ಟು ಹೊರಗೆ ಬಂದರು. ಮಳೆ ಇನ್ನೂ ಹನಿಯುತ್ತಿತ್ತು. ಕೊಡೆ ಹಿಡಿದು ಅಂಗಳದಲ್ಲಿ ನಿಂತು, ನನ್ನನ್ನೂ ನಿಲ್ಲಿಸಿಕೊಂಡರು.

‘ನೀರು ಎತ್ತಗೋಯ್ತದೆ ಅಂತ ಒಂದಿನನಾದ್ರೂ ನೋಡಿದ್ದೀರಾ ಮೇಷ್ಟ್ರೇ?’

ನೋಡಿರಲಿಲ್ಲ. ನೋಡಿದೆ. ಹೆಂಚಿನ ಮಾಡಿನ ನೀರೆಲ್ಲ ಒಂದು ದೋಣಿಯಲ್ಲಿ ಹರಿದು ಬಂದು ಅಂಗಳದ ನೆತ್ತಿಗೇ ಧುಮುಕುತ್ತಿತ್ತು. ಅಡುಗೆಮನೆಯ ಕೈತೊಳೆಯುವ ಪೈಪು ಹನ್ನೆರಡು ತಿಂಗಳೂ ಅಲ್ಲಿಗೇ. ರಸ್ತೆ ಕಡೆ ಯಾರೋ ಪುಣ್ಯಾತ್ಮರು ಚೆಂದಕ್ಕೆಂದು ಒಂದಡಿ ಎತ್ತರದ ಕಟ್ಟೆ ಕಟ್ಟಿಸಿ ಹೂಗಿಡ ನೆಟ್ಟಿದ್ದರು. ನೀರು ಬಂದು ಆ ಕಟ್ಟೆಗೆ ತಲೆ ಇಟ್ಟು ಮಲಗುತ್ತಿತ್ತು.

‘ಬದು ಹಾಕವ್ರೆ, ಮಡೆ ಬಿಟ್ಟಿಲ್ಲ. ಇದು ಗದ್ದೇನೇ. ಇದರ ಮ್ಯಾಲೆ ಬಂಗಾರ ಹಾಕ್ಸಿದ್ರೂ ಎದ್ದೋಯ್ತದೆ.’

ರಾತ್ರಿ ಮನೆಗೆ ಹೋಗಿ ಪುಸ್ತಕ ತೆಗೆದರೆ ಅಲ್ಲಿಯೂ ಇದೇ ಮಾತು. ಜಲ್ಲಿ ರಸ್ತೆಗೆ ತನ್ನ ಹೆಸರನ್ನೇ ಬಿಟ್ಟುಹೋದ ಸ್ಕಾಟ್ಲೆಂಡಿನ ಜಾನ್ ಲೌಡನ್ ಮಕಾಡಮ್, 1836ರಲ್ಲಿ ತೀರಿಕೊಂಡವನು. ಭಾರ ಹೊರುವುದು ಮೇಲಿನ ಕಲ್ಲಲ್ಲ, ಕೆಳಗಿನ ಮಣ್ಣು; ಆ ಮಣ್ಣನ್ನು ಒಣಗಿಸಿ ಇಟ್ಟರೆ ಸಾಕು ಎಂಬುದು ಅವನ ವಾದ. ಅವನು ಡಾಂಬರು ಬಳಸಿದವನೇ ಅಲ್ಲ. ಅದು ರೂಢಿಗೆ ಬಂದದ್ದು ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ: ಇಂಗ್ಲೆಂಡಿನ ಹೂಲಿ ಎಂಬಾತ, ಚೆಲ್ಲಿದ ಡಾಂಬರಿನ ಮೇಲೆ ಯಾರೋ ಕಬ್ಬಿಣದ ಕಿಟ್ಟ ಸುರಿದದ್ದು ಗಟ್ಟಿ ನೆಲವಾಗಿದ್ದನ್ನು ಕಂಡು 1902ರಲ್ಲಿ ಪೇಟೆಂಟ್ ಪಡೆದನಂತೆ. ಅವರಿಗೆ ಚೆಲ್ಲಿದ್ದು ರಸ್ತೆಯಾಯಿತು, ನಮಗೆ ಮಿಕ್ಕಿದ್ದು ದೋಸೆಯಾಯಿತು. ಇನ್ನೊಂದು ವಿಚಿತ್ರ, ನಾವು ಡಾಂಬರು ಅನ್ನುವುದು ಈಗ ಡಾಂಬರೇ ಅಲ್ಲ. ಹಳೆಯದು ಕಲ್ಲಿದ್ದಲಿನದು, ಈಗಿನದು ಕಚ್ಚಾ ತೈಲದಿಂದ ಪೆಟ್ರೋಲು ಡೀಸೆಲ್ಲು ತೆಗೆದ ಮೇಲೆ ತಳದಲ್ಲಿ ಉಳಿಯುವ ಗಷ್ಟ, ಬಿಟುಮೆನ್. ಹೆಸರು ಮಾತ್ರ ಹಳೆಯದು, ನಮ್ಮ ಕ್ಲಬ್ಬಿನ ಹೆಸರಿನಲ್ಲಿ ‘ರಿಕ್ರಿಯೇಷನ್’ ಇದ್ದ ಹಾಗೆ.

ಉಳಿದ 36 ಸಾವಿರದಲ್ಲಿ ಕೆಲಸ ಶುರುವಾಯಿತು. ಮೊದಲು ಡಾಂಬರಲ್ಲ, ಜೆಸಿಬಿ. ಕಟ್ಟೆಯನ್ನು ಎರಡು ಕಡೆ ಒಡೆದು ಮಡೆ ಬಿಟ್ಟೆವು. ಅಂಚಿಗೆ ಒಂದಡಿ ಚರಂಡಿ. ಮಾಡಿನ ನೀರಿಗೆ ಪೈಪು ಹಾಕಿ ಹಿತ್ತಲಿನ ತೆಂಗಿನ ಪಾತಿಗೆ ತಿರುಗಿಸಿದೆವು. ಐವತ್ತಡಿಗೆ ಒಂದಡಿ ಇಳಿಜಾರು ಇದ್ದರೆ ನೀರು ತಾನೇ ದಾರಿ ಹಿಡಿಯುತ್ತದೆ. ನಮ್ಮ 60 ಅಡಿಗೆ ಒಂದಡಿ ಎರಡಂಗುಲ ಬೇಕು, ಆಶ್ಚರ್ಯವೆಂದರೆ ಅದು ಮೊದಲಿಂದಲೂ ಇತ್ತು. ಹಿಂದಿನವರು ಸರಿಯಾಗಿಯೇ ಮಾಡಿದ್ದರು, ನಡುವೆ ಬಂದ ಹೂಗಿಡದ ಪ್ರೇಮಿ ಕೆಡಿಸಿದ್ದು.

ಗುಂಡಿ ಮುಚ್ಚಲು ಬಂದವನು ಮೊದಲು ರಸ್ತೆ ಗ್ಯಾಂಗಿನಲ್ಲಿದ್ದ ಮುದುಕ. ಅವನ ಕೆಲಸ ನೋಡುವುದೇ ಒಂದು ಪಾಠ. ಗುಂಡಿಯನ್ನು ಮುಚ್ಚುವ ಬದಲು ಮೊದಲು ದೊಡ್ಡದು ಮಾಡಿದ. ಉಳಿ ಸುತ್ತಿಗೆ ಹಿಡಿದು, ಸುತ್ತ ಪುಡಿಪುಡಿಯಾದದ್ದನ್ನೆಲ್ಲ ಕಿತ್ತು, ಬದಿಯನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದು ಚೌಕ ಮಾಡಿದ. ‘ಯಾಕಪ್ಪಾ ಇಷ್ಟು ಕಡೀತೀಯಾ?’ ಅಂದೆ. ‘ಹಲ್ಲು ತುಂಬೋ ಡಾಕ್ಟ್ರು ಹುಳುಕು ಕೆರೆಯಲ್ವಾ ಬುದ್ಧಿ?’ ಅಂದ. ಗುಡಿಸಿದ, ಹಳೇ ಬಟ್ಟೆಯಲ್ಲಿ ಒರೆಸಿದ. ಎಮಲ್ಷನ್ನನ್ನು ಬ್ರಷ್ಷಿನಲ್ಲಿ ಬಳಿದು, ಕಂದು ಬಣ್ಣ ಕಪ್ಪಗೆ ತಿರುಗುವ ತನಕ ಬೀಡಿ ಸೇದುತ್ತ ಕೂತ. ಆಮೇಲೆ ಚೀಲದ ಕೋಲ್ಡ್‌ಮಿಕ್ಸು, ಒಂದೇ ಸಲ ಅಲ್ಲ, ಎರಡು ಪದರ. ಪ್ರತಿ ಪದರಕ್ಕೂ ದಿಮ್ಮಸು ಬಡಿತ. ಕೊನೆಗೆ ಅಂಗಳಕ್ಕಿಂತ ಒಂದು ಬೆರಳು ಎತ್ತರ ಬಿಟ್ಟು, ‘ಕಾರುಗಳೇ ತುಳಿದು ಕೂರಿಸ್ತವೆ’ ಅಂದ. ಬಿರುಕುಗಳಿಗೆ ಬಿಸಿ ಡಾಂಬರು ಹೊಯ್ದು ಮೇಲೆ ಮರಳು ಚೆಲ್ಲಿದ. ಮೂರು ದಿನದಲ್ಲಿ ಹಿನ್ನೀರು ಬತ್ತಿತು.

ಉಳಿದದ್ದು ಒಂದೇ ಶತ್ರು, ಅಧ್ಯಕ್ಷರ ಹಳೇ ಜೀಪು. ನಿಂತಲ್ಲೆಲ್ಲ ಡೀಸೆಲ್ಲೂ ಆಯಿಲ್ಲೂ ತೊಟ್ಟಿಕ್ಕುತ್ತದೆ. ಕೈಗೆ ಡಾಂಬರು ಮೆತ್ತಿದರೆ ನಾವು ಸೀಮೆಎಣ್ಣೆ ಹಾಕಿ ಬಿಡಿಸುತ್ತೇವಲ್ಲ, ಜೀಪು ಅಂಗಳಕ್ಕೆ ಮಾಡುತ್ತಿದ್ದದ್ದು ಅದನ್ನೇ. ಅಧ್ಯಕ್ಷರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ಕೊನೆಗೆ ಮರಳು ತುಂಬಿದ ಒಂದು ತಗಡಿನ ತಟ್ಟೆ ಮಾಡಿಸಿ, ಅದರ ಜಾಗಕ್ಕೆ ‘ಅಧ್ಯಕ್ಷರಿಗೆ ಮೀಸಲು’ ಎಂದು ಬೋರ್ಡು ಬರೆಸಿದೆ. ಅವರು ಬಹಳ ಸಂತೋಷಪಟ್ಟರು.

ಒಟ್ಟು ಖರ್ಚು 34,600 ರೂಪಾಯಿ. ಆದರೆ ಸರ್ವಸದಸ್ಯರ ಸಭೆಯಲ್ಲಿ ಯಾರಿಗೂ ತೃಪ್ತಿಯಿಲ್ಲ. ತೇಪೆ ಹಾಕಿದ ಪಂಚೆಯ ಹಾಗಿದೆ, ಪೂರಾ ಕಪ್ಪು ಹೊದಿಸಿ ಉದ್ಘಾಟನೆ ಇಟ್ಟುಕೊಳ್ಳಬೇಕಿತ್ತು ಅಂದರು. ಚರಂಡಿಗೆ ಟೇಪು ಕತ್ತರಿಸುವವರು ಯಾರು? ಮಿಕ್ಕ ಮಿಕ್ಸಿನ ಇಪ್ಪತ್ತೈದು ಸಾವಿರದ ಬಗ್ಗೆ ಮಾತ್ರ ಒಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಲೆಕ್ಕಪತ್ರದಲ್ಲಿ ಅದು ‘ಪ್ರಾಯೋಗಿಕ ಕಾಮಗಾರಿ’ ಎಂದಿದೆ.

ಎರಡು ಮಳೆಗಾಲ ಕಳೆಯಿತು, ಗುಂಡಿ ಮರುಹುಟ್ಟು ಪಡೆದಿಲ್ಲ. ಈಗ ಸೀಲ್ ಕೋಟು ಒಂದು ಹೊಡೆಸಬೇಕು. ಒಣ ಹವೆಯಲ್ಲಿ, ಡಿಸೆಂಬರಿನಿಂದ ಏಪ್ರಿಲ್ ಒಳಗೆ ಆಗಬೇಕಾದ ಕೆಲಸ. ಚಂದಾ ಬಾಕಿ ಉಳಿಸಿಕೊಂಡಿರುವ ಹತ್ತೊಂಬತ್ತು ಮಂದಿ ಸದಸ್ಯರು, ಹರಾಜು ಮಾರುಕಟ್ಟೆ ಮುಚ್ಚುವ ಮೊದಲು, ದಯವಿಟ್ಟು ಖಜಾಂಚಿಯವರನ್ನು ಕಾಣಬೇಕಾಗಿ ವಿನಂತಿ.