ಶ್ರೀ ಹೊಂಡರಾಯರಿಗೆ ಸನ್ಮಾನ

ಸಭಾಧ್ಯಕ್ಷರೇ, ದೀಪ ಬೆಳಗಿದವರೇ, ದೀಪ ಆರದಂತೆ ಕೈ ಅಡ್ಡ ಹಿಡಿದವರೇ, ಕುರ್ಚಿ ಸಿಗದೆ ಮುನಿಸಿಕೊಂಡಿರುವ ಮಾಜಿಗಳೇ, ಕುರ್ಚಿ ಬಿಟ್ಟೇಳದ ಹಾಲಿಗಳೇ, ತೇಪೆ ಗುತ್ತಿಗೆದಾರ ಮಹಾಶಯರೇ, ಹಾಗೂ ಪಣಂಬೂರು–ಕೂಳೂರು ಹೆದ್ದಾರಿಯ ನಟ್ಟನಡುವೆ ವಿರಾಜಮಾನರಾದ, ಲಾರಿಗೆ ಅಂಜದ, ಡಾಂಬರಿಗೆ ಬಗ್ಗದ ಶ್ರೀ ಶ್ರೀ ಶ್ರೀ ಹೊಂಡರಾಯರೇ!

ತಮ್ಮ ನೆರೆಮನೆಯೇನು ಸಾಮಾನ್ಯವೇ? ನವಮಂಗಳೂರು ಬಂದರು! ಅದಕ್ಕಾಗಿ ದಿಲ್ಲಿಯಲ್ಲಿ ಹೋರಾಡಿದ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು 1965ರಲ್ಲೇ ತೀರಿಕೊಂಡರು. 1974ರಲ್ಲಿ ಅದು ದೇಶದ 9ನೇ ಪ್ರಮುಖ ಬಂದರಾಯಿತು. ಮರುವರ್ಷ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ನೆಲ ಬಿಟ್ಟುಕೊಟ್ಟವರು ಕಾಟಿಪಳ್ಳಕ್ಕೆ ಗಂಟುಮೂಟೆ ಕಟ್ಟಿದರು. ಅವರಿಗೆ ಯಾರಾದರೂ ಶಾಲು ಹೊದೆಸಿದ್ದೀರಾ? ಇರಲಿ, ಸಭಾಮರ್ಯಾದೆ.

ಹಳೆ ಬಂದರಿನ ಅಳಿವೆಯಲ್ಲಿ ದೊಡ್ಡ ಹಡಗು ನುಸುಳದು. ಅದಕ್ಕೇ ಇಲ್ಲಿ ನೆಲ ಅಗೆದು ಕಡಲನ್ನು ಒಳಗೆ ಕರೆದುಕೊಂಡರು. ಹಡಗು ಬರುವ ಕಾಲುವೆ 15 ಮೀಟರಿಗೂ ಹೆಚ್ಚು ಆಳ; ಮಳೆಗಾಲದ ಹೂಳನ್ನು ವರ್ಷವರ್ಷವೂ ಡ್ರೆಜರ್ ಎತ್ತುತ್ತದೆ. ತಾವೂ ನೆಲ ಕುಸಿದು ಹುಟ್ಟಿದವರೇ, ಮಳೆಗೆ ತುಂಬುವವರೇ. ಆದರೆ ತಮಗೆ ಡ್ರೆಜರಿಲ್ಲ, ತೇಪೆ. ಮೊದಲ ಮಳೆಗೇ ತೊಳೆದುಹೋಗುವ ತೇಪೆ!

ಕುದುರೆಮುಖದ ಅದಿರು ಜಾಣ. 2005ರ ಕೊನೆಗೆ ಗಣಿ ನಿಲ್ಲುವವರೆಗೂ ಕೆಸರಾಗಿ ಕೊಳವೆಯೊಳಗೇ ಘಟ್ಟವಿಳಿದು ಬಂತು, ತಮ್ಮ ಮುಖ ನೋಡಲಿಲ್ಲ. ಎಂಆರ್‌ಪಿಎಲ್‌ ಸಂಸ್ಕರಣಾಗಾರದ ಕಚ್ಚಾತೈಲಕ್ಕೂ ಪೈಪಿದೆ. ಕಾಫಿ, ಗೇರುಬೀಜದ ಲಾರಿಗಳು ಮಾತ್ರ ತಮಗೆ ಅಡ್ಡಬಿದ್ದೇ ಸಾಗಬೇಕು. ಮುಂದೆ ಅಡುಗೆ ಅನಿಲದ ಟ್ಯಾಂಕರು ತಮ್ಮೊಳಗೆ ಇಳಿದು ವಾಲುತ್ತದೆ, ಹಿಂದೆ ಸ್ಕೂಟರಿನಲ್ಲಿ ಮಗುವನ್ನು ಕೂರಿಸಿಕೊಂಡ ತಾಯಿ. ಇದು ತಮಾಷೆಯೇನ್ರೀ? ರಸ್ತೆ ಯಾರದ್ದೆಂದು ಕೇಳಿದರೆ ಒಂದು ಕಚೇರಿ ಇನ್ನೊಂದನ್ನು ತೋರಿಸುತ್ತದೆ, ಇನ್ನೊಂದು ಊಟಕ್ಕೆ ಹೋಗಿರುತ್ತದೆ!

ಕ್ಷಮಿಸಿ. ಮಳೆ ನಿಂತ ಮೇಲೆ ವಿಹಾರ ನೌಕೆಗಳ ಕಾಲ. ಬಂದರಿನೊಳಗೆ ಚೆಂಡೆ, ಯಕ್ಷಗಾನ ವೇಷ, ಹಾರ. ವಿದೇಶಿ ಅತಿಥಿಗಳು ಬಸ್ಸೇರಿ ಕದ್ರಿ, ಕುದ್ರೋಳಿ, ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎಂದು ಹೊರಡುತ್ತಾರೆ. ಅರಬ್ಬೀ ಸಮುದ್ರದಲ್ಲಿ ಬಾರದ ವಾಕರಿಕೆ ತಮ್ಮ ಸನ್ನಿಧಿಯಲ್ಲಿ ಬರುತ್ತದೆ. ಹಡಗು ಬರುವ ಹಿಂದಿನ ರಾತ್ರಿ ಮಾತ್ರ ತಮಗೆ ತುರ್ತು ತೇಪೆ. ನಾವು ವರ್ಷವಿಡೀ ಇಲ್ಲೇ ಓಡಾಡುವವರು, ನಮಗೇಕೆ?

ಈಗ ಶಾಲು, ಪೇಟ, ಹಣ್ಣಿನ ಬುಟ್ಟಿ. ಗುತ್ತಿಗೆದಾರರು ಮುಂದೆ ಬರಬೇಕು. ನಿಧಾನ, ಮೊಣಕಾಲಿನ ತನಕ ನೀರಿದೆ. ಬಿಲ್ಲನ್ನು ಮೇಲಿನ ಜೇಬಿಗೆ ಹಾಕಿಕೊಳ್ಳಿ.