ಮಾಸ್ಕು ಕಿತ್ತವರು ಯಾರು?

ಮಳವಳ್ಳಿಗೆ ರೈಲಿಲ್ಲ. ಬೆಂಗಳೂರಿನಲ್ಲಿ ರೈಲು ಹತ್ತಿದ ಮಳವಳ್ಳಿಯವರು ಮದ್ದೂರಿನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಮದ್ದೂರನ್ನು ನಿದ್ದೆಯಲ್ಲಿ ಕಳೆದುಕೊಳ್ಳುವುದು ಸುಲಭವಲ್ಲ. ಬೋಗಿಯ ತುಂಬ ಈರುಳ್ಳಿಯ ಘಮ, ಕಿವಿಯ ಪಕ್ಕದಲ್ಲೇ ‘ವಡೇ, ಮದ್ದೂರ್ ವಡೇ’ ಎಂಬ ಕೂಗು. ಇಷ್ಟಾದರೂ ಬಾಯಿ ತೆರೆದುಕೊಂಡು ಮಲಗಿ, ಹನಕೆರೆ, ಮಂಡ್ಯ, ಎಲಿಯೂರು ಎಲ್ಲ ದಾಟಿ ಪಾಂಡವಪುರದಲ್ಲಿ ಕಣ್ಣು ಬಿಡುವವರನ್ನು ಕೇಳಿ ನೋಡಿ. “ನಿನ್ನೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಮಲಗಿದ್ದೆನಲ್ಲ” ಎನ್ನುತ್ತಾರೆ. ಮಲಗಿದ್ದು ನಿಜ.

ಅಂಥ ಒಬ್ಬ ಯಜಮಾನರನ್ನು ಕಲ್ಪಿಸಿಕೊಳ್ಳೋಣ. ಹೆಸರು ಬೇಡ, ಮಂಡ್ಯ ಸೀಮೆಯ ಎಷ್ಟೋ ನಡುಮನೆಗಳಲ್ಲಿ ಇವರು ಸಿಗುತ್ತಾರೆ. ದಪ್ಪ ಕತ್ತು, ವಸಿ ಮುಂದೆ ಬಂದ ಹೊಟ್ಟೆ, ಹುರಿಮೀಸೆ. ರಾತ್ರಿ ಎರಡು ಮುದ್ದೆ, ಅದರ ಮೇಲೆ ಅನ್ನ, ತೊಳೆದ ಕೈ ಆರುವ ಮೊದಲೇ ಹಾಸಿಗೆ. ಗೊರಕೆ ಶುರುವಾದರೆ ಬೀದಿಗೇ ಧೈರ್ಯ, ಕಳ್ಳರು ಇತ್ತ ಸುಳಿಯುವುದಿಲ್ಲ. ದುಡಿದ ಮೈ, ಒಳ್ಳೇ ನಿದ್ದೆ, ಪುಣ್ಯವಂತ ಎಂದೇ ಹಿರಿಯರ ಲೆಕ್ಕ.

ಹೆದರಬೇಕಾದ್ದು ಗೊರಕೆಗಲ್ಲ, ಅದು ನಿಂತಾಗ ಎಂಬುದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. “ಉಸ್ರೇ ನಿಂತೋಯ್ತದೆ ಕಣವ್ವಾ. ಮೂಗಿನ್ ತಾವ ಕೈ ಮಡಗ್ತೀನಿ, ಏನೂ ಇಲ್ಲ. ಆಮೇಲೆ ಒಂದೇ ಸಲ ಗೊರ್ ಅಂದು ಹೊಳ್ಳಿ ಮಲಗ್ತಾರೆ” ಎಂದು ಅವರು ಮಗಳಿಗೆ ಹೇಳಿದ್ದರು. ಸ್ಲೀಪ್ ಅಪ್ನಿಯಾವನ್ನು ಯಾವ ವೈದ್ಯರೂ ಇದಕ್ಕಿಂತ ಚೆನ್ನಾಗಿ ಬಣ್ಣಿಸಲಾರರು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ, ನಾಲಿಗೆ ಹಿಂದಕ್ಕೆ ಜಾರಿ, ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಂತರೆ ಅದು ಒಂದು ಸಲದ ಲೆಕ್ಕ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಗಾಬರಿಬಿದ್ದು ಮನುಷ್ಯನನ್ನು ಅರೆಕ್ಷಣ ಎಬ್ಬಿಸುತ್ತದೆ. ಹಾಗೆ ಎದ್ದದ್ದು ಬೆಳಿಗ್ಗೆ ಅವನಿಗೆ ನೆನಪಿರುವುದಿಲ್ಲ, ಹಗಲಿನ ತೂಕಡಿಕೆ ಮಾತ್ರ ಉಳಿಯುತ್ತದೆ.

ಡಾಕ್ಟರ ಹತ್ತಿರ ಹೋಗಲೇಬೇಕೆಂದು ಮಗ ಹಠ ಹಿಡಿದದ್ದು ಕಾರು ಓಡಿಸುತ್ತ ಅಪ್ಪ ತೂಕಡಿಸುವ ದೆಸೆಯಿಂದ. ಹಳೇ ರಸ್ತೆಯಲ್ಲಾದರೆ ಮದ್ದೂರಿನಲ್ಲಿ ಇಳಿದು ವಡೆ ತಿಂದು ಕಾಫಿ ಕುಡಿದರೆ ತೂಕಡಿಕೆ ಬಿಡುತ್ತಿತ್ತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಮದ್ದೂರನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ವಡೆಯೂ ಇಲ್ಲ, ಹಳ್ಳವೂ ಇಲ್ಲ. ನಿದ್ದೆಗೆ ಅದಕ್ಕಿಂತ ಹದವಾದ ರಸ್ತೆ ಬೇಕೆ?

ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು, ಮೂಗಿಗೆ ಸಣ್ಣ ಕೊಳವೆ ಸಿಕ್ಕಿಸಿ ಒಂದು ರಾತ್ರಿ ಪರೀಕ್ಷೆ ನಡೆಯಿತು. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬುದೇ ಇಲ್ಲಿ ಅಂಕ. 5ರ ಒಳಗಿದ್ದರೆ ಸರಿ, 15ರ ತನಕ ಅಲ್ಪ, 30ರ ತನಕ ಮಧ್ಯಮ, ಆಚೆಗೆ ತೀವ್ರ. ಓದುವ ಕಾಲದಲ್ಲಿ 35ಕ್ಕೆ ಒದ್ದಾಡಿದ್ದ ಯಜಮಾನರು ಇಲ್ಲಿ ಸಲೀಸಾಗಿ ಪಾಸಾದರು.

ಔಷಧಿ ಎಂದರೆ ಮಾತ್ರೆಯಲ್ಲ, ಗಾಳಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು 1980ರಲ್ಲಿ ಇದನ್ನು ಮೊದಲು ಪ್ರಯೋಗಿಸಿ 1981ರಲ್ಲಿ ಪ್ರಕಟಿಸಿದರು. ಯಂತ್ರ ಹಚ್ಚಿ, ಮಾಸ್ಕಿನ ಮೂಲಕ ಮೂಗಿಗೆ ಒಂದೇ ಒತ್ತಡದಲ್ಲಿ ಗಾಳಿ ನುಗ್ಗಿಸಿದರೆ ಗಂಟಲು ಮುಚ್ಚಿಕೊಳ್ಳುವುದಿಲ್ಲ, ಇಷ್ಟೇ ಉಪಾಯ. ಅದಕ್ಕೆ ಮೊದಲು ತೀವ್ರವಾಗಿದ್ದವರಿಗೆ ಉಳಿದಿದ್ದ ದಾರಿ ಕತ್ತಿನಲ್ಲಿ ತೂತು ಕೊರೆಯುವುದು. ಆರಂಭದ ರೋಗಿಗಳು ಮಾಸ್ಕನ್ನು ದಿನಾ ರಾತ್ರಿ ಮೂಗಿಗೆ ಅಂಟು ಹಾಕಿ ಮೆತ್ತಿಕೊಳ್ಳುತ್ತಿದ್ದರು. ಅಂಟಿನ ಕಾಲವೇ ಚೆನ್ನಾಗಿತ್ತು ಎಂದು ನಮ್ಮ ಯಜಮಾನರ ಹೆಂಡತಿಗೆ ಈಗ ಅನಿಸುತ್ತದೆ.

ಯಾಕೆಂದರೆ ರಾತ್ರಿ ಹತ್ತಕ್ಕೆ ಮಾಸ್ಕು ಹಾಕಿಕೊಳ್ಳುವವರು ಒಬ್ಬರು, ಎರಡಕ್ಕೆ ಕಿತ್ತೆಸೆಯುವವರು ಇನ್ನೊಬ್ಬರು. ಇಬ್ಬರೂ ಒಂದೇ ಮೈಯಲ್ಲಿ ಇರುತ್ತಾರೆ, ಒಬ್ಬರ ಮುಖ ಇನ್ನೊಬ್ಬರು ನೋಡಿಲ್ಲ. ಹತ್ತು ಗಂಟೆಯವರು ಶಿಸ್ತಿನ ಮನುಷ್ಯ: ಪಟ್ಟಿ ಬಿಗಿದು, ಸ್ವಿಚ್ಚು ಒತ್ತಿ, ಅಂಗಾತ ಮಲಗುತ್ತಾರೆ. ಬೆಳಿಗ್ಗೆ ಮಾಸ್ಕು ಮಂಚದ ಕೆಳಗೋ ಹೆಂಡತಿಯ ದಿಂಬಿನ ಮೇಲೋ ಬಿದ್ದಿರುತ್ತದೆ. “ನಾನಲ್ಲ” ಎನ್ನುತ್ತಾರೆ, ಪ್ರಾಮಾಣಿಕವಾಗಿಯೇ.

ಕೀಳಲು ಕಾರಣಗಳಿಗೆ ಬರವಿಲ್ಲ. ಮೊದಲನೆಯದು ಮೀಸೆ. ಮಾಸ್ಕಿನ ಸಿಲಿಕೋನ್ ಅಂಚು ಚರ್ಮಕ್ಕೆ ಕೂರಬೇಕು. ಮೀಸೆಯ ಮೇಲೆ ಕೂತರೆ ಕೂದಲಿನ ಸಂದಿಯಿಂದ ಗಾಳಿ ಸೋರುತ್ತದೆ, ಸೋರಿದ್ದು ನೇರ ಕಣ್ಣಿಗೆ ಬೀಸುತ್ತದೆ. ಸೋರಿತೆಂದು ಪಟ್ಟಿ ಬಿಗಿದರೆ ಅಂಚು ಮಡಚಿಕೊಂಡು ಇನ್ನೂ ಸೋರುತ್ತದೆ. ಎರಡನೆಯದು ಬಾಯಿ: ಮೂಗಿಗೆ ಹೊಡೆದ ಗಾಳಿ ತೆರೆದ ಬಾಯಿಯಿಂದ ಹೊರಟು ನಾಲಿಗೆ ಒಣಗಿ ಹಪ್ಪಳವಾಗುತ್ತದೆ. ತೇವಕ್ಕೆಂದು ಯಂತ್ರದಲ್ಲಿ ನೀರಿನ ಡಬ್ಬಿ ಇದೆ; ಬೋರ್‌ವೆಲ್ ನೀರು ಹಾಕಿದರೆ ಬಿಳಿ ಕರೆ ಕಟ್ಟುತ್ತದೆ, ಮಾಗಿಯ ಚಳಿಯಲ್ಲಿ ಕೊಳವೆಯೊಳಗೆ ಹನಿಗಟ್ಟಿ ಮೂಗಿಗೇ ತೊಟ್ಟಿಕ್ಕುತ್ತದೆ. ನಾಲೆ ಬಯಲಿನ ಸೊಳ್ಳೆಗೆ ಪರದೆ ಕಟ್ಟಬೇಕು, ಪರದೆಯ ಸಂದಿಯಿಂದ ಕೊಳವೆ ತೂರಿಸಬೇಕು, ಕೊಳವೆಯ ಜೊತೆ ಸೊಳ್ಳೆಯೂ ಬರುತ್ತದೆ. ಇನ್ನು ಕರೆಂಟು. ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದಿತ್ತು. ಮಳೆಗಾಳಿ ಎದ್ದ ರಾತ್ರಿ ಯಜಮಾನರ ಕೋಣೆಗೆ ಬರಲು ಮಾತ್ರ ಅದಕ್ಕೆ ದಾರಿ ತಿಳಿಯುವುದಿಲ್ಲ.

ಒಮ್ಮೆ ಬೆಳಗಿನ ಜಾವ ಹಾಲು ತಂದ ಅಣ್ಣತಮ್ಮಿಕೆಯ ಹುಡುಗ ಕಿಟಕಿಯಿಂದ ನೋಡಿ, “ಇದೇನಣ್ಣೋ, ಎತ್ಗೆ ಕುಕ್ಕೆ ಹಾಕ್ದಂಗೆ!” ಎಂದುಬಿಟ್ಟ. ಅವತ್ತಿಂದ ಮನೆಯಲ್ಲಿ ಅದಕ್ಕೆ ಕುಕ್ಕೆ ಎಂದೇ ಹೆಸರು.

ಬೇರೆ ದಾರಿ ಹುಡುಕುವುದರಲ್ಲಿ ಯಜಮಾನರು ಹಿಂದೆ ಬೀಳಲಿಲ್ಲ. ಡಿಜೆರಿಡೂ ಎಂಬ ಆಸ್ಟ್ರೇಲಿಯಾದ ಉದ್ದ ಕಹಳೆಯನ್ನು ಊದಿದರೆ ಗಂಟಲು ಗಟ್ಟಿಯಾಗಿ ಅಪ್ನಿಯಾ ತಗ್ಗುತ್ತದೆಂದು ಸ್ವಿಟ್ಜರ್ಲೆಂಡಿನವರು 2006ರಲ್ಲಿ ತೋರಿಸಿದ್ದರು. 2017ರಲ್ಲಿ ಅದಕ್ಕೆ ಇಗ್ ನೊಬೆಲ್ ಶಾಂತಿ ಬಹುಮಾನವೂ ಬಂತು. 2025ರಲ್ಲಿ ಜೈಪುರದ ವೈದ್ಯರು 30 ಜನರ ಮೇಲೆ ಶಂಖದ ಪ್ರಯೋಗ ಮಾಡಿ, ಆರು ತಿಂಗಳು ಊದಿದವರಿಗೆ ಹಗಲಿನ ತೂಕಡಿಕೆ ಕಡಿಮೆಯಾಯಿತೆಂದು ಬರೆದರು. ಯಜಮಾನರಿಗೆ ಹಿಗ್ಗೋ ಹಿಗ್ಗು. ಶಂಖಕ್ಕೆ ಸಿಡ್ನಿಗೆ ಹೋಗಬೇಕೆ? ಊರಿನ ದಾಸಯ್ಯ ಜಾಗಟೆಯ ಸಮೇತ ಕಲಿಸುತ್ತಾನೆ. ಸಂಜೆ ಅಂಗಳದಲ್ಲಿ ಪಾಠ ಶುರುವಾಯಿತು. ಶಂಖದಿಂದ ಮೊದಲು ಗಾಳಿ ಬಂತು, ಆಮೇಲೆ ಎಮ್ಮೆ ಅರಚಿದ ಸದ್ದು ಬಂತು, ಕೊನೆಗೆ ಯಾರ ಮನೆಯಲ್ಲಿ ಸಾವಾಯಿತೆಂದು ವಿಚಾರಿಸಲು ಜನ ಬಂದರು. ಜೈಪುರದಲ್ಲಿ ಊದಿದವರದು ಮಧ್ಯಮ ದರ್ಜೆ, ನಿಮ್ಮದು ತೀವ್ರ ಎಂದು ಡಾಕ್ಟರು ಹೇಳಿದ ಮೇಲೆ ಶಂಖ ದಾಸಯ್ಯನ ಜೋಳಿಗೆಗೆ ವಾಪಸಾಯಿತು.

ಯಂತ್ರದ ಹೊಟ್ಟೆಯಲ್ಲೊಂದು ಪುಟ್ಟ ಕಾರ್ಡು ಇದೆ, ಯಾವ ರಾತ್ರಿ ಎಷ್ಟು ಹೊತ್ತು ಎಂಬುದೆಲ್ಲ ಅದರಲ್ಲಿ ದಾಖಲು. ಅಮೆರಿಕದ ಮೆಡಿಕೇರ್ ವಿಮೆಯವರು ರಾತ್ರಿಗೆ ಕನಿಷ್ಠ 4 ಗಂಟೆಯಂತೆ, 30 ದಿನದಲ್ಲಿ ನೂರಕ್ಕೆ 70 ರಾತ್ರಿ ಹಾಕಿದ್ದರೆ ಮಾತ್ರ ಮುಂದಕ್ಕೆ ದುಡ್ಡು ಕೊಡುತ್ತಾರೆ. ನಮ್ಮ ಡಾಕ್ಟರೂ ಅದೇ ನಾಲ್ಕು ಗಂಟೆಯ ಅಳತೆಗೋಲು ಹಿಡಿದು ಕಾರ್ಡು ಓದಿದರು. ಸರಾಸರಿ ನಾಲ್ಕು ದಾಟಿತ್ತು. “ಭೇಷ್” ಎಂದರು. ಯಜಮಾನರ ಕೈ ತಾನಾಗಿ ಮೀಸೆಗೆ ಹೋಯಿತು.

“ಅದ್ರಲ್ಲಿ ಅರ್ಧ ನಂದು ಕಣ್ರೀ ಡಾಕ್ಟ್ರೇ” ಎಂದರು ಹೆಂಡತಿ. “ಇವ್ರು ಕಿತ್ತಾಕದು, ನಾನು ಎದ್ದೆದ್ದು ತಗಲಾಕದು. ಇವ್ರ್‌ಗೇನು, ನಿದ್ದೆ.”

ಡಾಕ್ಟರು ನಕ್ಕು, ಮೀಸೆಯ ತಂಟೆಗೆ ಹೋಗದೆ ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಸಣ್ಣ ಮಾಸ್ಕೊಂದನ್ನು ಮೇಜಿನ ಮೇಲಿಟ್ಟರು; ಮಲಗಿಕೊಂಡು, ಗಾಳಿ ಹಾಕಿಯೇ ಅಳತೆ ನೋಡಬೇಕೆಂದರು. ಯಜಮಾನರು ಪರೀಕ್ಷೆಯ ಮಂಚದ ಮೇಲೆ ಒರಗಿದರು. ಅಳತೆ ಮುಗಿಯುವಷ್ಟರಲ್ಲಿ ನಿದ್ದೆ ಬಂದಿತ್ತು, ಸದ್ದಿಲ್ಲದ ನಿದ್ದೆ. ಹೊರಗೆ ಇನ್ನೂ ಆರು ಜನ ಚೀಟಿ ಹಿಡಿದು ಕಾಯುತ್ತಿದ್ದರು. ಎಬ್ಬಿಸಲು ಹೋದ ನರ್ಸಮ್ಮನ ಕೈಯನ್ನು ಹೆಂಡತಿ ತಡೆದರು: “ಇರವ್ವಾ, ಮೀಟ್ರು ಓಡ್ತಾ ಐತೆ.”