ಸೀರಮಕ್ಕನ ಮಳೆಗಾಲ

ಸೀರಮಕ್ಕ ಯಾರ ಮುಖವನ್ನೂ ನೋಡಿ ಮಾತಾಡುವವರಲ್ಲ. ಹಣೆಯಿಂದ ಎರಡಿಂಚು ಮೇಲೆ ಅವರ ದೃಷ್ಟಿ. ಸೀಮಂತಕ್ಕೆ ಹೋದರೂ ಅಷ್ಟೇ, ಸಾವಿನ ಮನೆಗೆ ಹೋದರೂ ಅಷ್ಟೇ. ಎದುರಿಗಿರುವವರು ನಗುತ್ತಿದ್ದಾರೋ ಅಳುತ್ತಿದ್ದಾರೋ ಅವರಿಗೆ ಆಮೇಲೆ ಗೊತ್ತಾಗುವ ಸಂಗತಿ. ಬೈತಲೆಯ ಎರಡೂ ಬದಿಗೆ ಕೂದಲು ಎಷ್ಟು ಎದ್ದು ನಿಂತಿದೆ ಎಂಬುದು ಮೊದಲು ಗೊತ್ತಾಗುತ್ತದೆ. “ಎಂತ ಮಾರಾಯ್ತಿ, ತಲೆಗೆ ಎಂತ ಹಾಕಿದ್ದು ನೀನು?” ಎಂಬುದೇ ಅವರ ನಮಸ್ಕಾರ.

ಮತದಾರರ ಪಟ್ಟಿಯಲ್ಲಿ ಹೆಸರು ಬೇರೆ ಇದೆ. ಸೀರಮ್ ಎಂಬ ಜಿಡ್ಡುದ್ರವದ ಪುಟ್ಟ ಬಾಟಲಿಯನ್ನು ನಮ್ಮ ಕಂಪೌಂಡಿಗೆ ಮೊದಲು ತಂದವರು ಅವರಾದ್ದರಿಂದ ಮಕ್ಕಳು ಇಟ್ಟ ಹೆಸರು ಗಟ್ಟಿಯಾಯಿತು. ಅವರಿಗೂ ಗೊತ್ತು, ಬೇಸರವಿಲ್ಲ. ಇಂಥವರು ಮಂಗಳೂರಿನ ಪ್ರತಿ ಕಂಪೌಂಡಿನಲ್ಲೂ ಒಬ್ಬರಾದರೂ ಇದ್ದಾರೆ. ಕೆಲವರು ಸೊಸೆಯ ತಲೆಯಲ್ಲೇ ತೃಪ್ತರು, ಕೆಲವರು ಬಸ್ಸಿನಲ್ಲಿ ಮುಂದಿನ ಸೀಟಿನವಳ ಜಡೆ ಮುಟ್ಟಿ “ಇದಕ್ಕೆ ದಾಸವಾಳದ ಸೊಪ್ಪು ಆಗ್ತದೆ” ಎನ್ನುವಷ್ಟು ಧೈರ್ಯವಂತರು. ನಮ್ಮವರು ಎರಡನೆಯ ಜಾತಿ.

ಅದರಲ್ಲೂ ಬಿಕರ್ನಕಟ್ಟೆಯವರಿಗೆ ಕೆಲಸ ಜಾಸ್ತಿ. ಸಾಣೂರಿನ ತನಕದ 45 ಕಿಲೋಮೀಟರ್ ಚತುಷ್ಪಥ ಹೆದ್ದಾರಿಯ ಕಾಮಗಾರಿ ಶುರುವಾಗುವುದೇ ನಮ್ಮಲ್ಲಿಂದ. ಬೇಸಗೆಯಲ್ಲಿ ತಲೆಗೆ ಕೆಂಪು ಧೂಳು ಅಲ್ಲಿಂದ ಬರುತ್ತದೆ. ಜೂನಿನಿಂದ ಮುಂದೆ ಉಳಿದದ್ದೆಲ್ಲ ಆಕಾಶದಿಂದ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು ಇದು. ಜುಲೈಯ ಬೆಳಿಗ್ಗೆ ಗಾಳಿಯ ತೇವ ನೂರಕ್ಕೆ 90ರ ಆಸುಪಾಸು. ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಹಗ್ಗದ ಮೇಲಿನ ಬಟ್ಟೆ ಒಣಗಿತೋ ತಣ್ಣಗಿದೆಯೋ ಎಂದು ಕೆನ್ನೆಗೆ ಒತ್ತಿ ನೋಡಬೇಕಾಗುತ್ತದೆ. ಇಷ್ಟನ್ನೂ ಊರು ಸಹಿಸಿಕೊಂಡಿದೆ. ತಲೆಯೊಂದನ್ನು ಮಾತ್ರ ಸೀರಮಕ್ಕ ಸಹಿಸುವುದಿಲ್ಲ.

ನನ್ನದು ಗುಂಗುರು ಕೂದಲು, ಅಪ್ಪನ ಕಡೆಯ ಆಸ್ತಿ. ಆ ಕಡೆಯಿಂದ ಬೇರೇನೂ ಬಂದಿಲ್ಲ. ಮೊದಲ ಮಳೆ ಬಿದ್ದ ದಿನ ಅದು ತನ್ನ ಸುತ್ತಳತೆಯನ್ನು ತಾನೇ ನಿರ್ಧರಿಸಿಕೊಳ್ಳುತ್ತದೆ. ಸೀರಮಕ್ಕನದೋ, ಹುಟ್ಟಾ ನೇರ. ತೆಂಗಿನೆಣ್ಣೆ ಬಿಟ್ಟರೆ ಬೇರೆ ಏನನ್ನೂ ಕಾಣದ, ಗಂಟು ಬಿಚ್ಚಿದರೆ ಸೊಂಟದ ತನಕ ಸದ್ದಿಲ್ಲದೆ ಇಳಿಯುವ ಕೂದಲು. ತಮಗೆ ಇಲ್ಲದ ಕಾಯಿಲೆಯ ಮೇಲೆ ಮನುಷ್ಯರಿಗೆ ಎಷ್ಟು ಪಾಂಡಿತ್ಯ ಬರುತ್ತದೆ ನೋಡಿ.

ಪಾಂಡಿತ್ಯ ಸುಳ್ಳಲ್ಲ ಎಂಬುದೇ ದೊಡ್ಡ ತೊಂದರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ಕೂದಲು ಎಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಹಿಡಿದಿಡುವ ಗಂಧಕದ ಬಂಧ ಗಟ್ಟಿ, ಮಳೆಗೆಲ್ಲ ಜಗ್ಗುವುದಿಲ್ಲ. ಪುಕ್ಕಲು ಯಾವುದೆಂದರೆ ಹೈಡ್ರೋಜನ್ ಬಂಧ. ನೀರಿನ ಆವಿ ಒಳಗೆ ಕಾಲಿಟ್ಟ ಕೂಡಲೇ ಹಳೆಯ ಜತೆ ಬಿಟ್ಟು ಹೊಸ ಜತೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಬೆಳಿಗ್ಗೆ ಬಿಸಿ ಇಸ್ತ್ರಿ ಎಳೆದು ನೇರ ಮಾಡಿದ ತಲೆ ನಂತೂರು ಸರ್ಕಲ್ ದಾಟುವಷ್ಟರಲ್ಲಿ ಮೊದಲಿನಂತಾಗುವುದು. ಇದನ್ನೆಲ್ಲ ಅವರು ಮೀನಿನವಳು ಬುಟ್ಟಿ ಇಳಿಸುವ ಹೊತ್ತಿನಲ್ಲಿ, ಗೇಟಿನ ಬಳಿ ನಿಲ್ಲಿಸಿಕೊಂಡು ಹೇಳುತ್ತಾರೆ. ಬಂಗುಡೆ ಮುಗಿದುಹೋಗುತ್ತದೆ, ಪಾಠ ಮುಗಿಯುವುದಿಲ್ಲ.

ಒಮ್ಮೆ ಅವರಿಗೆ ನನ್ನದೊಂದು ಕೂದಲು ಬೇಕಾಯಿತು. ಎಣ್ಣೆ ಹಾಕದ ಕೂದಲು. ಜಿನೀವಾದ ಸೊಸ್ಯೂರ್ ಎಂಬ ವಿಜ್ಞಾನಿ 1783ರಲ್ಲೇ ಮನುಷ್ಯನ ಕೂದಲಿನಿಂದ ಗಾಳಿಯ ತೇವ ಅಳೆಯುವ ಉಪಕರಣದ ಬಗ್ಗೆ ಪುಸ್ತಕ ಬರೆದಿದ್ದನಂತೆ. ಸೋಡಾ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆದರೆ ಸಾಕು, ಒಣಗಾಳಿಯಿಂದ ತೇವಗಾಳಿಗೆ ಬರುವಾಗ ಕೂದಲು ನೂರಕ್ಕೆ ಎರಡು, ಎರಡೂವರೆ ಪಾಲು ಉದ್ದವಾಗುತ್ತದೆ. ಅದಕ್ಕೆ ಮುಳ್ಳು ಕಟ್ಟಿದರೆ ಮಾಪಕ. ಹವಾಮಾನ ಇಲಾಖೆಯವರೂ ಬಹುಕಾಲ ಇದೇ ತತ್ವದ ಯಂತ್ರಗಳನ್ನು ಬಳಸಿದವರು. ಸೀರಮಕ್ಕ ರಟ್ಟಿನ ಪೆಟ್ಟಿಗೆಗೆ ನನ್ನ ಕೂದಲು ಬಿಗಿದು, ಹಿಡಿಕಡ್ಡಿಯ ಮುಳ್ಳು ಅಂಟಿಸಿ, ಒದ್ದೆ ಬಟ್ಟೆ ಹೊದಿಸಿ ನೂರರ ಗುರುತು ಹಾಕಿ, ತಮ್ಮ ಸಿಟೌಟಿನಲ್ಲಿ ತೂಗುಹಾಕಿದರು. ಆಮೇಲೆ ಪಣಂಬೂರು, ಬಜ್ಪೆಗಳ ಹವಾಮಾನ ಕೇಂದ್ರದ ಲೆಕ್ಕ ನಮಗೆ ಬೇಕಾಗಲಿಲ್ಲ. ಹಾಲು ತರಲು ಹೋದರೆ, “ಇವತ್ತು ನಿನ್ನ ಕೂದಲು ಎಂಬತ್ತಾರು ಹೇಳ್ತದೆ, ಕಟ್ಟಿಕೊಂಡೇ ಹೋಗು” ಎಂದು ಕೂಗುತ್ತಿದ್ದರು. ರಸ್ತೆಯಲ್ಲಿ ಹೋಗುವವರಿಗೂ ಕೇಳುವಂತೆ.

ಇಷ್ಟು ತಡೆದುಕೊಂಡೆ. ನನ್ನ ಮುಖ್ಯ ದೂರು ಗ್ಲಿಸರಿನ್ನಿನದು.

ಹಿಂದಿನ ಮನೆಯ ಹುಡುಗಿಯ ಮದುವೆ, ಆಗಸ್ಟಿನಲ್ಲಿ. ಮುನ್ನಾದಿನ ರೋಸ್. ಮಂಗಳೂರಿನ ಕ್ರೈಸ್ತರ ಮನೆಯ ರೋಸ್ ನೋಡದವರಿಗೆ ಹೇಳಬೇಕು: ಮದುಮಗಳನ್ನು ಕೂರಿಸಿ, ಹಿರಿಯರಿಂದ ಹಿಡಿದು ಎಲ್ಲರೂ ಸರದಿಯಲ್ಲಿ ತಲೆಗೆ ಎಣ್ಣೆ, ತೆಂಗಿನಹಾಲು ಹಾಕುತ್ತಾರೆ, ಹಾಡು ಇರುತ್ತದೆ, ಗಲಾಟೆ ಇರುತ್ತದೆ. ಸೀರಮಕ್ಕ ಮುಂದಿನ ಸಾಲಿನ ಕುರ್ಚಿ ಹಿಡಿದಿದ್ದರು. “ಇಡೀ ಜಿಲ್ಲೆಯಲ್ಲಿ ತಲೆಗೆ ಸರಿಯಾದ್ದು ಹಾಕುವ ಕಾರ್ಯಕ್ರಮ ಇದೊಂದೇ” ಎಂದು ಮೆಚ್ಚಿಕೊಂಡು, ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿದರು. “ನಾಳೆಗೆ ನಿಂಗೆ ಎಂತ ಮಾಡುದು?”

“ಎಂತ ಬೇಡ ಅಕ್ಕ, ಗಂಟು ಕಟ್ಟಿ ಬರ್ತೇನೆ.”

“ಮದುವೆಗೆ ಗಂಟಾ? ಬೆಳಿಗ್ಗೆ ಆರಕ್ಕೆ ಬಾ.”

ಹೋದೆ. ಅವರಿಗೆ ಇಲ್ಲ ಎನ್ನಲು ಇನ್ನೂ ಯಾರಿಗೂ ಬಂದಿಲ್ಲ. ಆನ್‌ಲೈನಿನಲ್ಲಿ ತರಿಸಿದ ಜೆಲ್ ಒಂದು ಸಿದ್ಧವಿತ್ತು. ಅದನ್ನು ಹಾಡಿ ಹೊಗಳಿದವರಲ್ಲಿ ಒಬ್ಬರೂ ಕರಾವಳಿಯವರಲ್ಲ. ಒದ್ದೆ ಕೂದಲನ್ನು ಟರ್ಕಿ ಟವೆಲಿನಿಂದ ಉಜ್ಜಬಾರದು, ತೆಳು ಬೈರಾಸಿನಲ್ಲಿ ಹಿಂಡದೆ ಒತ್ತಬೇಕು ಎಂದು ಒತ್ತಿದರು. ಜೆಲ್ ಸವರಿದರು. ಸುರುಳಿ ಸುರುಳಿಯಾಗಿ ಬೆರಳಿಗೆ ಸುತ್ತಿದರು. ಕನ್ನಡಿ ನೋಡಿದೆ. ಸುಳ್ಳು ಹೇಳಬಾರದು, ನನ್ನ ಜನ್ಮದಲ್ಲಿ ಅಷ್ಟು ಚೆಂದ ಕಂಡಿದ್ದಿಲ್ಲ.

ಕೈಕಂಬದಲ್ಲಿ ರಿಕ್ಷಾ ಹತ್ತಿದೆವು. ಹನಿಮಳೆ, ರಿಕ್ಷಾದ ಪರದೆ ಇಳಿಸಿತ್ತು, ಒಳಗೆ ಸೆಕೆ. ಕುಲಶೇಖರದ ಡೈರಿಯ ಹತ್ತಿರ ಕಿವಿಯ ಮೇಲೆ ಏನೋ ಹರಿದಾಡಿದ ಹಾಗಾಯಿತು. ಕೊರ್ಡೆಲ್ ಇಗರ್ಜಿಯ ಮೆಟ್ಟಿಲು ಹತ್ತುವಾಗ ಸುರುಳಿಗಳು ಒಂದರಿಂದೊಂದು ದೂರ ಸರಿಯಲು ತೊಡಗಿದವು. ಪಾದ್ರಿಗಳ ಪ್ರವಚನದ ನಡುವೆ ನನ್ನ ಎರಡೂ ಕಣ್ಣಂಚಿನಲ್ಲಿ ಕಪ್ಪು ಕಾಣಿಸತೊಡಗಿತು. ಅದು ನನ್ನದೇ ಎಂದು ತಿಳಿಯಲು ತುಸು ಹೊತ್ತು ಬೇಕಾಯಿತು. ಹಿಂದಿನ ಬೆಂಚಿನ ಮಗುವೊಂದು ಕೈ ಹಾಕಿ ನೋಡಿತು. ಹಾಲಿನಲ್ಲಿ ಗ್ರೂಪ್ ಫೋಟೋ ಹೊತ್ತಿಗೆ ಫೋಟೋಗ್ರಾಫರ್ ಬಹಳ ಮರ್ಯಾದೆಯಿಂದ, “ಅಮ್ಮ, ನೀವು ಸ್ವಲ್ಪ ಹಿಂದೆ ಹೋಗ್ತೀರಾ, ಹಿಂದಿನ ಮೂವರು ಕಾಣುದಿಲ್ಲ” ಎಂದ. ಆ ಫೋಟೋ ಈಗಲೂ ಮದುವೆ ಮನೆಯವರ ಗೋಡೆಯಲ್ಲಿದೆ. ಮದುಮಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ನಾನು.

ಸೀರಮಕ್ಕನಿಗೆ ಪಶ್ಚಾತ್ತಾಪ ಆಗಬೇಕಿತ್ತಲ್ಲ? ಆದದ್ದು ಆನಂದ. ಮನೆಗೆ ಬಂದವರೇ ಕನ್ನಡಕ ಏರಿಸಿ ಬಾಟಲಿಯ ಹಿಂಬದಿ ಓದಿದರು. ನೀರಿನ ನಂತರ ಎರಡನೆಯ ಹೆಸರೇ ಗ್ಲಿಸರಿನ್. “ನೋಡು, ಇದು ನೀರನ್ನು ಎಳೆಯುವ ವಸ್ತು. ದಿಲ್ಲಿಯ ಒಣಹವೆಯಲ್ಲಿ ಗಾಳಿಯಲ್ಲಿ ನೀರೇ ಇಲ್ಲ, ಎಳೀಲಿಕ್ಕೆ ಎಂತ ಉಂಟು? ಇಲ್ಲಿ ಅರಬ್ಬೀ ಸಮುದ್ರವೇ ಉಂಟು. ಎಲ್ಲ ನಿನ್ನ ತಲೆಗೆ ಬಂತು!” ಜೆಲ್ಲಿನದು ತಪ್ಪಲ್ಲ, ಜಾಗದ್ದು ತಪ್ಪು ಎಂದು ತೀರ್ಪಾಯಿತು. ನೋಟುಬುಕ್ಕಿನಲ್ಲಿ ತಾರೀಕಿನ ಸಮೇತ ಬರೆದುಕೊಂಡರು. ಉಳಿದ ಬಾಟಲಿಯನ್ನು ದಿಲ್ಲಿಯ ತಮ್ಮನ ಹೆಂಡತಿಗೆ ಕಳಿಸಿ, ಅಲ್ಲಿ ಚೆನ್ನಾಗಿ ಆಯಿತಂತೆ ಎಂದು ನನಗೆ ಸುದ್ದಿಯನ್ನೂ ಕೊಟ್ಟರು.

ಅಂದಿನಿಂದ ಕೈಕಂಬದ ಅಂಗಡಿಯಲ್ಲಿ ಅವರು ಬಾಟಲಿಯ ಮುಂಭಾಗ ನೋಡುವುದನ್ನು ಬಿಟ್ಟರು. ಆರ್ಗನ್, ಬಾದಾಮಿ, ಈರುಳ್ಳಿ ಚಿತ್ರಗಳಿಗೆ ಅವರು ಮರುಳಾಗುವುದಿಲ್ಲ. “ಮೊದಲ ಐದು ಹೆಸರು ನೋಡು. ಪ್ರಮಾಣ ಹೆಚ್ಚಿದ್ದದ್ದು ಮೇಲೆ ಬರ್ತದೆ. ಕೊನೆಯಲ್ಲಿರುವ ಬಾದಾಮಿ ಎಣ್ಣೆ ಬಾಳೆಲೆ ತುದಿಯ ಉಪ್ಪಿನಕಾಯಿ ಇದ್ದ ಹಾಗೆ, ಅದರಲ್ಲಿ ಹೊಟ್ಟೆ ತುಂಬುದಿಲ್ಲ.” ಅವರು ಓದಿ ಮುಗಿಸುವ ತನಕ ಆ ಸಾಲಿಗೆ ಬೇರೆ ಗಿರಾಕಿ ನುಗ್ಗುವಂತಿಲ್ಲ, ಅಂಗಡಿಯ ಹುಡುಗ ಅವರನ್ನು ದೂರದಿಂದ ಕಂಡರೆ ಗೋಡೌನಿಗೆ ಹೋಗುತ್ತಾನೆ. ಕೆಲವು ವರ್ಷ ‘ಕೋನ್’ ಎಂದು ಕೊನೆಗೊಳ್ಳುವ ಎಲ್ಲ ಹೆಸರುಗಳ ಮೇಲೆ ಬಹಿಷ್ಕಾರವಿತ್ತು. ಈಗ ಅದೇ ಡೈಮೆಥಿಕೋನ್ ಮಳೆಗಾಲದ ಆಪದ್ಬಾಂಧವ: ನೀರಿಗೆ ಒಗ್ಗದ ತೆಳುಪೊರೆ ಕಟ್ಟಿ ಆವಿಯನ್ನು ಹೊರಗೇ ನಿಲ್ಲಿಸುತ್ತದೆ, ಆಗಾಗ ಶಾಂಪೂ ಹಾಕಿ ಪೊರೆ ತೊಳೆದರಾಯಿತು. ಹಿಂದೆ ಬೈದದ್ದನ್ನು ನೆನಪಿಸಿದರೆ, “ವಿಜ್ಞಾನ ಅಂದ್ರೆ ಹಾಗೇ, ತಿದ್ದಿಕೊಳ್ಳುದು” ಎನ್ನುತ್ತಾರೆ. ನನ್ನ ತಲೆಯ ಖರ್ಚಿನಲ್ಲಿ.

ಕಂಡೀಷನರಿನ ಮೇಲೆ ‘ಸೀಟೈಲ್ ಆಲ್ಕೋಹಾಲ್’ ಎಂದಿದ್ದನ್ನು ಓದಿ ನಮ್ಮ ಮಾವನವರು ಬಚ್ಚಲಿನಿಂದ ಬಾಟಲಿ ಹೊರಗಿಟ್ಟ ದಿನ, ಅದು ಕುಡಿಯುವ ಜಾತಿಯದಲ್ಲ, ಮೇಣದಂಥ ಕೊಬ್ಬಿನ ಆಲ್ಕೋಹಾಲ್, ಕೂದಲನ್ನು ನಯ ಮಾಡುವುದು ಎಂದು ಅವರಿಗೆ ಅರ್ಥ ಮಾಡಿಸಿದವರೂ ಸೀರಮಕ್ಕನೇ. ನಾನು ಹೇಳಿದ್ದರೆ ಕೇಳುತ್ತಿರಲಿಲ್ಲ.

ತೆಂಗಿನೆಣ್ಣೆಯ ವಿಷಯದಲ್ಲಿ ಮಾತ್ರ ಅವರು ತಿದ್ದಿಕೊಂಡದ್ದಿಲ್ಲ. ತೆಂಗು, ಸೂರ್ಯಕಾಂತಿ, ಖನಿಜತೈಲ ಮೂರನ್ನೂ ಹೋಲಿಸಿ, ಕೂದಲಿನ ಪ್ರೋಟೀನು ಸೋರದಂತೆ ತಡೆಯುವುದು ತೆಂಗಿನೆಣ್ಣೆ ಮಾತ್ರ ಎಂದು ತೋರಿಸಿದ 2003ರ ಪ್ರಬಂಧ ಅವರ ಬಾಯಿತುದಿಯಲ್ಲಿದೆ. ಬರೆದವರು ತೆಂಗಿನೆಣ್ಣೆ ಮಾರುವ ಮಾರಿಕೋದ ಸಂಶೋಧಕರೇ ಎಂದು ನಾನು ಕೊಂಕು ತೆಗೆದೆ. ಅವರು ಅಲುಗಲಿಲ್ಲ. “ಗೊತ್ತುಂಟು. ಆದ್ರೆ ಲಾರಿಕ್ ಆಮ್ಲದ ಅಣು ಸಣ್ಣದು, ನೇರ ಉಂಟು, ಕೂದಲೊಳಗೆ ಹೋಗ್ತದೆ. ಅಣುವಿಗೆ ಕಂಪನಿ ಗೊತ್ತಿಲ್ಲ.” ತಲೆಸ್ನಾನಕ್ಕೆ ಮೊದಲು ಹಚ್ಚಬೇಕು, ಆಮೇಲಲ್ಲ. 2025ರಲ್ಲಿ ಎಣ್ಣೆಯ ಬೆಲೆ ಏರಿ ಊರವರು ಪಲ್ಯದ ಒಗ್ಗರಣೆಗೇ ಲೆಕ್ಕ ಹಾಕುತ್ತಿದ್ದಾಗಲೂ ಅವರು ತಲೆಯ ಪಾಲು ಕಡಿಮೆ ಮಾಡಲಿಲ್ಲ.

ಅವರ ಹಟದಿಂದ ಒಳ್ಳೆಯದೂ ಆಗಿದೆ, ಹೇಳಿಬಿಡಬೇಕು. ಕಂಪೌಂಡಿನ ಹುಡುಗಿಯೊಬ್ಬಳು ಯಾವುದೋ ಪಾರ್ಲರಿನಲ್ಲಿ ಕೂದಲು ನೇರ ಮಾಡಿಸಲು ಹಣ ಕೂಡಿಟ್ಟಿದ್ದಳು. ಸೀರಮಕ್ಕ ಜತೆಗೆ ಹೋದರು, ಡಬ್ಬದ ಮುಚ್ಚಳ ತೆಗೆಸಿ ಮೂಸಿದರು, ಎದ್ದು ಬಂದರು. ಲ್ಯಾಬಿನಲ್ಲಿ ಕಪ್ಪೆ ಕೆಡದಂತೆ ಇಡುವ ಬಾಟಲಿಯ ವಾಸನೆ ಅವರಿಗೆ ಮೂವತ್ತು ವರ್ಷದ ಪರಿಚಯ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ, ಇಂಥ ದ್ರಾವಣಗಳ ಬಗ್ಗೆ 2011ರಲ್ಲೇ ಅಮೆರಿಕದಲ್ಲಿ ಪಾರ್ಲರ್ ಕೆಲಸಗಾರರಿಗೆ ಸರಕಾರಿ ಎಚ್ಚರಿಕೆ ಹೊರಟಿತ್ತು ಎಂದು ದಾರಿಯುದ್ದಕ್ಕೂ ಪಾಠ. ಹುಡುಗಿ ಎರಡು ದಿನ ಮಾತು ಬಿಟ್ಟಳು. ಈಗ ಅವರ ಸಿಟೌಟಿನಲ್ಲೇ ಬಂದು ಕೂರುತ್ತಾಳೆ.

ಬೇರೆಯವರ ತಲೆಯ ಮೇಲೆ ಈ ಹಕ್ಕು ಅವರಿಗೆ ಎಲ್ಲಿಂದ ಬಂತು ಎಂದು ನನಗೆ ತಿಳಿದದ್ದು ಬಸ್ಸಿನಲ್ಲಿ. ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದಿಂದ ಬರುತ್ತಿದ್ದೆವು. ಬ್ಯಾಂಕಿನ ಗುರುತುಚೀಟಿ ಕುತ್ತಿಗೆಯಲ್ಲಿದ್ದ ಹೆಂಗಸೊಬ್ಬರು ಹತ್ತಿದವರೇ ಸೀರಮಕ್ಕನನ್ನು ಕಂಡು ಥಟ್ಟನೆ ತಮ್ಮ ತಲೆ ಮುಟ್ಟಿ ನೋಡಿಕೊಂಡರು. ಆಮೇಲೆ ನಕ್ಕರು. ಹಳೆಯ ವಿದ್ಯಾರ್ಥಿನಿ. ಮಳೆಗಾಲದಲ್ಲಿ ಗುಡ್ಡ, ಗದ್ದೆಬದು ದಾಟಿ ಬರುವ ಹುಡುಗಿಯರು ರಿಬ್ಬನ್ ಬಿಗಿದ ಎರಡು ಒದ್ದೆ ಜಡೆಯಲ್ಲೇ ಸಂಜೆತನಕ ಕೂರಬೇಕಿತ್ತು. ಜಡೆ ಬಿಚ್ಚುವುದು ಶಾಲೆಯ ಶಿಸ್ತಿಗೆ ಆಗದು. ಟೀಚರ್ ಮೊದಲ ಪಿರಿಯಡ್ಡಿಗೆ ಮುಂಚೆ ಅವರನ್ನು ಸ್ಟಾಫ್‌ರೂಮಿಗೆ ಕರೆದು, ಜಡೆ ಬಿಚ್ಚಿಸಿ, ತಮ್ಮದೇ ಬೈರಾಸು ಕೊಟ್ಟು ಫ್ಯಾನಿನ ಕೆಳಗೆ ನಿಲ್ಲಿಸುತ್ತಿದ್ದರಂತೆ. ಹೇನು ಇದ್ದವರಿಗೆ ಬೇರೆ ಬಾಚಣಿಗೆ, ಯಾರಿಗೂ ಗೊತ್ತಾಗದ ಹಾಗೆ. “ನಮ್ಮ ಮನೆಯಲ್ಲಿ ಬಾಚುವವರು ಇರಲಿಲ್ಲ” ಎಂದರು ಆ ಹೆಂಗಸು, ಸಾಮಾನ್ಯ ಮಾತಿನ ಧಾಟಿಯಲ್ಲಿ. ಸೀರಮಕ್ಕ ಇದಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. “ಬ್ಯಾಂಕಲ್ಲಿ ಏಸಿ ಉಂಟಲ್ಲ, ಮತ್ತೆ ತುದಿ ಯಾಕೆ ಹೀಗೆ ಸೀಳಿದೆ?” ಎಂದು ಆಕೆಯ ಜಡೆ ಎತ್ತಿ ಹಿಡಿದಿದ್ದರು. ಕೈಕಂಬದಲ್ಲಿ ಇಳಿಯುವ ತನಕ ಬಿಡಲಿಲ್ಲ.

ಜನವರಿ 14ರ ಬಾಲಯೇಸು ಹಬ್ಬದ ಹೊತ್ತಿಗೆ ಗಾಳಿ ಒಣಗಿ, ನಮ್ಮೆಲ್ಲರ ಕೂದಲೂ ಸುಮ್ಮನಿರುತ್ತದೆ. ಜಾತ್ರೆಯ ಜನ ರಸ್ತೆ ತುಂಬಾ. ಒಂದು ತಲೆಯೂ ತಿದ್ದುವಂತಿಲ್ಲ. ಆಗ ಸೀರಮಕ್ಕ ತುಸು ಮಂಕಾಗುತ್ತಾರೆ, ಮಂಡಿನೋವಿನ ಮಾತಾಡುತ್ತಾರೆ. ಮೇ ತಿಂಗಳಲ್ಲಿ ಮೋಡ ಕಂಡರೆ ನೋವು ಕಡಿಮೆ.

ಈ ಸಲ ಮಳೆ ಶುರುವಾದ ವಾರ ಸಂಜೆ ಬಾಗಿಲು ತಟ್ಟಿದರು. ಕೈಯಲ್ಲಿ ಬಾಟಲಿ ಇರಲಿಲ್ಲ, ಸಣ್ಣ ಕತ್ತರಿ ಇತ್ತು. ಮಾಪಕದ ಕೂದಲು ತುಂಡಾಗಿದೆಯಂತೆ.

“ಬೇರೆ ಯಾರದ್ದಾದ್ರೂ ತೆಗೀರಿ ಅಕ್ಕ. ನಿಮ್ಮದೇ ಉಂಟಲ್ಲ.”

“ನನ್ನದು ಹಾಕಿ ನೋಡಿದೆ. ಮುಳ್ಳು ಅಲ್ಲಾಡುದೇ ಇಲ್ಲ. ನಿನ್ನಷ್ಟು ಸೂಕ್ಷ್ಮದ ಕೂದಲು ಈ ಕಂಪೌಂಡಿನಲ್ಲಿ ಇಲ್ಲ ಮಾರಾಯ್ತಿ.”

ಇಷ್ಟು ವರ್ಷಗಳಲ್ಲಿ ಆ ಬಾಯಿಂದ ನನ್ನ ಕೂದಲಿಗೆ ಬಂದ ಮೊದಲ ಹೊಗಳಿಕೆ. ಎರಡು ಕೊಟ್ಟೆ, ಒಂದು ತುಂಡಾದರೆ ಇನ್ನೊಂದು ಇರಲಿ. ಮಧ್ಯಾಹ್ನ ಎಣ್ಣೆ ಹಾಕಿದ್ದು ಅವರಿಗೆ ಮುಟ್ಟಿದ ಕೂಡಲೇ ಗೊತ್ತಾಯಿತು. ಸೋಡಾದಲ್ಲಿ ಕುದಿಸಬೇಕೆಂದು ಬೈದುಕೊಳ್ಳುತ್ತಲೇ ಮಳೆಯಲ್ಲಿ ಇಳಿದು ಹೋದರು.